ಹೂಡಿಕೆ

ಸುತ್ತೋಲೆ ಬಂತು ಸೋಮವಾರ:
‘ನಮ್ಮ ಸಿಬ್ಬಂದಿಯಲ್ಲಿ ನಮ್ಮ ಹೂಡಿಕೆ.’
ಅರಬ್ಬಿಯಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ.
ಕನ್ನಡ ನನ್ನದೇ, ತಲೆಯೊಳಗೆ ಮಾಡಿಕೊಂಡದ್ದು.
ಮನೆಮಾತು ಕೊಂಕಣಿಯಾದರೂ
ಲೆಕ್ಕ, ಜಗಳ, ಅನುಮಾನ ಎಲ್ಲ ನನಗೆ ಕನ್ನಡದಲ್ಲೇ.

ನೇಗಿಲು ಹೂಡುವುದು ಗೊತ್ತು.
ಮೂರು ಕಲ್ಲಿಟ್ಟು ಒಲೆ ಹೂಡುವುದು ಗೊತ್ತು.
ಚಿಕ್ಕಪ್ಪ ನಮ್ಮ ಮೇಲೆ ದಾವೆ ಹೂಡಿ
ಕಾರ್ಕಳದ ಕೋರ್ಟಿಗೆ ಹನ್ನೊಂದು ವರ್ಷ ಅಲೆಸಿದ್ದು, ಅದೂ ಗೊತ್ತು.
ಮನುಷ್ಯನಲ್ಲಿ ಹೂಡುವುದೆಂದರೆ
ಎತ್ತು ಯಾರು, ಹಿಂದೆ ನಿಂತವನು ಯಾರು?

ಅಲ್ ಐನ್. ಇಪ್ಪತ್ತೆಂಟು ಬೇಸಿಗೆ.
ರಸಾಯನಶಾಸ್ತ್ರ ವಿಭಾಗದ ನೆಲಮಾಳಿಗೆಯಲ್ಲಿ
ಗಾಜು ಊದುವವನು ನಾನು, ಲಿಗೋರಿ ಪಿಂಟೋ.
ಅರಬ್ಬಿಗೆ ‘ಪ’ ಇಲ್ಲ, ಬಾಗಿಲ ಫಲಕದಲ್ಲಿ ಬಿಂಟೋ.
ಬಿರಿದ ಕಂಡೆನ್ಸರು, ಕತ್ತು ಮುರಿದ ಫ್ಲಾಸ್ಕು
ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು ಬರುತ್ತವೆ,
ಹಲ್ಲುನೋವಿನ ಮುಖದ ವಿದ್ಯಾರ್ಥಿಗಳ ಕೈಯಲ್ಲಿ.
ನಾನು ಬಂದಾಗ ಮೊಣಕಾಲೆತ್ತರ ಇದ್ದ ಖರ್ಜೂರ
ಈಗ ಮೂರನೆಯ ಮಹಡಿಯ ತರಗತಿಗೆ ಇಣುಕುತ್ತದೆ,
ಹಾಜರಿ ಮಾತ್ರ ಯಾರೂ ಹಾಕುವುದಿಲ್ಲ.

ತರಬೇತಿಯ ಕೋಣೆಯಲ್ಲಿ ಎ.ಸಿ. ಜೋರು.
ಬೈರೂತಿನ ತರಬೇತುದಾರ ಬಣ್ಣದ ಚೀಟಿ ಹಂಚಿದ:
“ಐದು ವರ್ಷದ ಮೇಲೆ ನೀವು ಎಲ್ಲಿರುತ್ತೀರಿ?”

ಗ್ರಂಥಾಲಯದ ಮುಬಾರಕ್ ಎದ್ದು ನಿಂತು ಹೇಳಿದ:
“ಓಮ್ದುರ್ಮಾನಿನಲ್ಲಿ. ಮನೆಗೆ ಮಾಡು ಉಳಿದಿದ್ದರೆ.”
ಲೆಕ್ಕವಿಭಾಗದ ನಿವೀನ್: “ಮಗನ ಫೀಸು ಮುಗಿದ ಮರುದಿನದಲ್ಲಿ.”
ಪೈಪು ರಿಪೇರಿಯ ಗುಲ್ ಜಮಾನ್:
“ಇಲ್ಲೇ, ಇದೇ ಕುರ್ಚಿಯಲ್ಲಿ, ಇದೇ ಪ್ರಶ್ನೆಗೆ.”
ಎಲ್ಲರೂ ನಕ್ಕೆವು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ನನಗೆ ಐವತ್ತೇಳು. ಅರವತ್ತಕ್ಕೆ ಕರಾರು ಮುಗಿಯುತ್ತದೆ.
‘ಮುಡಾರು’ ಎಂದು ಬರೆದೆ, ಹೊಡೆದುಹಾಕಿದೆ.
ಅಲ್ಲಿ ಗಾಜು ಊದಿಸುವವರು ಯಾರಿದ್ದಾರೆ?
ಜೇನುಪೆಟ್ಟಿಗೆ ಇಡೋಣ ಎನ್ನುತ್ತಾಳೆ ಸೆವ್ರಿನ್ ಫೋನಿನಲ್ಲಿ.
ಇನ್ನೊಂದು ಚೀಟಿ ಕೇಳಿ, ಖಾಲಿಯದನ್ನೇ ಗೋಡೆಗೆ ಅಂಟಿಸಿದೆ.
“ಶಹಬ್ಬಾಸ್, ಬಿಂಟೋ,” ಎಂದ ಅವನು, “ಮುಕ್ತ ಮನಸ್ಸು!”

ಆಮೇಲೆ ಬಂತು ಹೂಡಿಕೆ, ಕಾಲಲ್ಲಿ ನಡೆದು:
ಷಮ್ಮಾ, ಇಪ್ಪತ್ತಮೂರು, ಇದೇ ಊರಿನವಳು,
ಅಬಾಯಾದ ತೋಳು ಮಡಚಿ ಪಿನ್ನು ಚುಚ್ಚಿಕೊಂಡು.
“ಮೂರು ವರ್ಷದಲ್ಲಿ ನಿಮಗೆ ಗೊತ್ತಿರುವುದೆಲ್ಲ ಅವಳಿಗೆ,” ಎಂದರು ಡೀನ್.
ಅಂದರೆ ನನ್ನ ಕುರ್ಚಿ.
ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾದೀತು.
ಎರಡು ವಾರ ಬರ್ನರ್ ಹಚ್ಚುವುದು, ನಂದಿಸುವುದು,
ಅಷ್ಟೇ ಕಲಿಸಿದೆ.

ಅವಳು ಕೇಳಲಿಲ್ಲ. ಹಚ್ಚಿದಳು, ನಂದಿಸಿದಳು.
ಮೂರನೆಯ ವಾರ ಅಜ್ಜನ ಮಾತು ತೆಗೆದಳು:
ಫಲಜ್ ಕಾಲುವೆಯ ನೀರು ಹಂಚುತ್ತಿದ್ದನಂತೆ,
ಹಗಲು ಕೋಲಿನ ನೆರಳು ಅಳೆದು, ರಾತ್ರಿ ನಕ್ಷತ್ರ ನೋಡಿ,
ಯಾವ ತೋಟಕ್ಕೆ ಎಷ್ಟು ಹೊತ್ತು ಎಂದು.
“ಯಾರಿಗೂ ಹೇಳಿಕೊಡದೆ ಹೋದ. ಈಗ ಪಂಪು.”
ಅಷ್ಟು ಹೇಳಿ ಮೇಜು ಒರೆಸತೊಡಗಿದಳು,
ಒರೆಸಿದ್ದ ಮೇಜನ್ನೇ.

ಮರುದಿನ ಕೊಳವೆ ಕೊಟ್ಟೆ.
“ಕೆನ್ನೆಯಿಂದ ಅಲ್ಲ ಮಾರಾಯ್ತಿ”
(ಅದು ಕನ್ನಡದಲ್ಲೇ ಬಾಯಿಗೆ ಬಂತು. ಅವಳು ತಲೆಯಾಡಿಸಿದಳು),
ಮಗುವಿನ ಕಣ್ಣಿಗೆ ಬಿದ್ದ ಕಸ ಊದುವ ಹಾಗೆ, ಅಷ್ಟೇ.
ತಿರುಗಿಸು. ತಿರುಗಿಸು. ನಿಲ್ಲಬೇಡ.
ಬೆಂಕಿಯ ತುದಿಯಲ್ಲಿ ಗಾಜು ಪಾಕಕ್ಕೆ ಬಂತು,
ತೂಗಿತು, ಅವಳ ಉಸಿರು ಹಿಡಿದು ಉಬ್ಬಿತು,
ಮಂಗನಬಾವು ಬಂದ ಕೆನ್ನೆಯಂತೆ ಒಂದೇ ಬದಿಗೆ.
ಒಡೆಯಲಿಲ್ಲ.
“ಎಸೆಯಲೇ?” ಎಂದಳು.

ದಾಸ್ತಾನು ಪುಸ್ತಕ ತೆಗೆದು ಅದಕ್ಕೊಂದು ಸಂಖ್ಯೆ ಕೊಟ್ಟೆ.
‘ಮೌಲ್ಯ’ ಎಂಬಲ್ಲಿ ಪೆನ್ನು ತುಸು ತಡೆಯಿತು, ಬಿಟ್ಟೆ.
‘ಸ್ಥಿತಿ’ ಎಂಬಲ್ಲಿ ಬರೆದೆ:
ಸೊಟ್ಟ. ಸೋರುವುದಿಲ್ಲ.